ಇಡ್ಲಿ ಹಿಟ್ಟಿನ ಪಕ್ಕ ಕೂತ ಲಾಗರ್

ಎಲ್ಲರೂ ಮನೆಯೊಳಗೇ ಕೂತ ಆ ಕೊರೋನಾ ಚಳಿಗಾಲದಲ್ಲಿ ಡಚ್ಚರ ದೇಶದ ಆಲ್ಮೆರೆ ಊರಿನ ನಮ್ಮ ಬೀದಿಯವರಿಗೆಲ್ಲ ಏನಾದರೊಂದು ಗೀಳು ಹತ್ತಿತ್ತು. ಎದುರುಮನೆಯವರು ಬ್ರೆಡ್ ಮಾಡಲು ಹೋಗಿ ದಿನಾ ಸುಟ್ಟರು, ಪಕ್ಕದವರು ಅದೇ ಬೇಲಿಗೆ ಮತ್ತೆ ಮತ್ತೆ ಬಣ್ಣ ಬಳಿದರು. ನಾನು ಅಕ್ಕಿ ಡಬ್ಬ ಖಾಲಿ ಮಾಡಿದೆ.

ಅಸಲಿಗೆ ಅದು ಅಕ್ಕಿ ಡಬ್ಬವಲ್ಲ. ಇಲ್ಲಿ ಓದುತ್ತಿದ್ದಾಗ ನಾನು ಲಾಗರ್ ಬಿಯರ್ ಹುದುಗಿಸುತ್ತಿದ್ದ ದೊಡ್ಡ ಪ್ಲಾಸ್ಟಿಕ್ ಬಕೆಟ್ಟು. ಮದುವೆಯಾದ ಹೊಸತರಲ್ಲಿ ಅತ್ತೆ ಮಾವ ಬರುತ್ತಾರೆಂದು ನನ್ನ ಗಂಡ ಅದಕ್ಕೆ ಸೋನಾ ಮಸೂರಿ ಸುರಿದ. ಮಗ ಬಿಯರ್ ಕುಡಿಯುವುದು ಅವರಿಗೆ ಗೊತ್ತು. ಸೊಸೆ ಮಾಡುತ್ತಾಳೆಂದು ತಿಳಿದರೆ ಮಾತ್ರ ಮಾನ ಹೋಗುತ್ತದಂತೆ! ಅವರು ಊರಿಗೆ ಮರಳಿದ ಮೇಲೂ ಅಕ್ಕಿ ಅಲ್ಲೇ ಉಳಿಯಿತು. ಹೊಟ್ಟೆ ಉರಿಸಿಕೊಳ್ಳುತ್ತಲೇ ವರ್ಷಗಟ್ಟಲೆ ಅದರಿಂದ ಅನ್ನಕ್ಕೆ ಅಕ್ಕಿ ತೆಗೆದೆ.

ಬಿಯರ್ ಮಾಡುವ ಕಿಟ್ ತರಿಸಿದೆ. ಡಬ್ಬದೊಳಗೆ ಜೋನಿ ಬೆಲ್ಲದಂಥ ಮಾಲ್ಟ್ ಪಾಕ, ಜೊತೆಗೊಂದು ಯೀಸ್ಟ್ ಪೊಟ್ಟಣ. ಪಾಕವನ್ನು ನೀರಿನಲ್ಲಿ ಕರಗಿಸಿ, ಆರಿಸಿ, ಯೀಸ್ಟ್ ಉದುರಿಸಿ, ಬಕೆಟ್ಟನ್ನು ಹಿತ್ತಿಲ ಶೆಡ್ಡಿನಲ್ಲಿಟ್ಟೆ. ಲಾಗರ್‌ಗೆ ಚಳಿ ಬೇಕು. ಚಳಿಯಲ್ಲಿ ನಿಧಾನವಾಗಿ, ವಾರಗಟ್ಟಲೆ ಹುದುಗಿದರೇ ಆ ತಿಳಿ ರುಚಿ. ಮುಚ್ಚಳ ಒತ್ತುವಾಗ ಆದ ಖುಷಿಯನ್ನು ಏನು ಹೇಳಲಿ! ಆ ಮನೆಯಲ್ಲಿ ಪೂರ್ತಿ ನನ್ನದು ಅನ್ನುವಂಥದ್ದು ಅದೊಂದೇ.

ಗಂಡನಿಗೂ ಖುಷಿಯಾಯಿತು. ಊಟದ ಮೇಜಿನ ಮುಂದೆ ಕೂತು, ಲ್ಯಾಪ್‌ಟಾಪಿನಲ್ಲಿ ತನ್ನ ಜೈಡಾಸ್ ಬಡಾವಣೆಯ ಆಫೀಸಿನ ಟೀಮಿಗೆ ಹೇಳುತ್ತಿದ್ದ: ತಾನು ಲಾಗರ್ ಮಾಡುತ್ತಿದ್ದಾನಂತೆ, ಎಲ್ಲರ ಬಾಗಿಲಿಗೂ ಒಂದೊಂದು ಬಾಟಲಿ ತಲುಪಿಸುತ್ತಾನಂತೆ.

“ನೀನು ಮಾಡ್ತಿದ್ದೀಯಾ?” ಎಂದೆ.

“ಅಯ್ಯೋ, ಮಾತಿಗೆ ಹಾಗಂದೆ ಕಣೇ. ಅದನ್ನೂ ಇಶ್ಯೂ ಮಾಡ್ಬೇಡ.”

ಅಷ್ಟರಲ್ಲಿ ನನಗೇ ಕೊರೋನಾ ಬಂತು. ಮಹಡಿಯ ಕೋಣೆಯಲ್ಲಿ ಒಬ್ಬಳೇ ಬಿದ್ದುಕೊಂಡೆ. ಅವನು ಬಾಗಿಲ ಹೊರಗೆ ತಟ್ಟೆಯಿಟ್ಟು ಹುಲಿ ಕಂಡವನಂತೆ ಓಡುತ್ತಿದ್ದ.

“ಗುಳ್ಳೆನೇ ಬರ್ತಿಲ್ಲ ಕಣೇ! ಪಾಪ, ಚಳಿಗೆ ಸತ್ತೋಯ್ತು ಅನ್ಸುತ್ತೆ,” ಎಂದು ಒಂದು ದಿನ ಮೆಟ್ಟಿಲಿನಿಂದ ಕೂಗಿದ.

“ಬರುತ್ತೆ. ಮುಟ್ಬೇಡ.”

ಮುಟ್ಟಿದ. ನಮ್ಮ ಮುಂಬಾಗಿಲ ಪಕ್ಕ ಕರೆಂಟಿನ ಮೀಟರ್ ಇರುವ ಕಪಾಟಿದೆ. ಬಿಸಿನೀರಿನ ಪೈಪು ಅದರೊಳಗೇ ಹಾದುಹೋಗುವುದರಿಂದ ಸದಾ ಬೆಚ್ಚಗಿರುತ್ತದೆ. ಈ ದೇಶದ ಚಳಿಯಲ್ಲಿ ನಮ್ಮ ಇಡ್ಲಿ ಹಿಟ್ಟು ಉಬ್ಬುವುದು ಅಲ್ಲಿ ಮಾತ್ರ. ಹಿಟ್ಟಿಗೆ ಆಗಿಬಂದ ಜಾಗ ಬಿಯರಿಗೂ ಆಗಿಬರುತ್ತದೆಂದು ಮಹಾನುಭಾವ ಬಕೆಟ್ಟನ್ನು ತಂದು ಹಿಟ್ಟಿನ ಪಾತ್ರೆಯ ಪಕ್ಕ ಕೂರಿಸಿದ. ಮರುದಿನ ಬೆಳಗ್ಗೆ, “ಹೇಗೆ ಉಕ್ತಿದೆ ಗೊತ್ತಾ!” ಎಂದು ಅವನು ಹಿಗ್ಗಿನಿಂದ ಕೂಗಿದಾಗಲೇ ಅದನ್ನು ಬೆಚ್ಚಗಿಟ್ಟಿದ್ದಾನೆಂದು ನನಗೆ ತಿಳಿದದ್ದು.

ಕೆಳಗಿಳಿದು ಬಂದ ದಿನವೇ, “ಚೆಲ್ಲಿಬಿಡು, ಕೆಟ್ಟಿರುತ್ತೆ,” ಎಂದೆ.

“ನಿಂಗೆ ಮೂಗೂ ಇಲ್ಲ, ನಾಲಿಗೇನೂ ಇಲ್ಲ. ನೀನೇನು ಹೇಳ್ತೀಯಾ? ಸೂಪರ್ ಆಗಿದೆ!”

ನಿಜ, ನನಗೆ ಕಾಫಿಯ ವಾಸನೆಯೂ ತಿಳಿಯುತ್ತಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ನನ್ನ ಬಾಯಿ ಮುಚ್ಚಿಸಿದ. ತಾನೇ ಬಾಟಲಿಗೆ ತುಂಬಿ, ಕೆಲವು ವಾರ ಕಾದು, ಮಾಸ್ಕ್ ಹಾಕಿಕೊಂಡು ಮನೆಮನೆಗೆ ಹೊತ್ತು ತಿರುಗಿದ.

ಆ ಶುಕ್ರವಾರ ಸಂಜೆ ಟೀಮಿನವರೆಲ್ಲ ಪರದೆಯ ಮೇಲೆ ಒಟ್ಟಿಗೆ ಲೋಟ ಎತ್ತಿದರು. ಎಲ್ಲರ ಮುಖವೂ ಹರಳೆಣ್ಣೆ ಕುಡಿದಂತಾಯಿತು. ಡಚ್ಚರಿಗೆ ಮುಲಾಜೆಂಬುದಿಲ್ಲ. ಕೊಳೆತ ಬಾಳೆಹಣ್ಣಿನ ವಾಸನೆ, ಕುಡಿಯುವ ಹಾಗೇ ಇಲ್ಲ ಎಂದು ಮ್ಯಾನೇಜರ್ ನೇರವಾಗಿ ಹೇಳಿದಳು.

ನನ್ನ ಗಂಡ ನಕ್ಕ. “ನನ್ನ ಹೆಂಡತಿ ಮಾಡಿದ್ದು,” ಎಂದ. “ಪಾಪ, ಅವಳಿಗೆ ಹುಷಾರಿರಲಿಲ್ಲ.”

ನಾನು ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊಂಡೆ. ಜ್ವರದಲ್ಲೂ ಮೈ ಅಷ್ಟು ಕಾದಿರಲಿಲ್ಲ.

ಮರುದಿನವೇ ಇನ್ನೊಂದು ಕಿಟ್ ತರಿಸಿ, ಹುದುಗಲಿಟ್ಟು, ಶೆಡ್ಡಿಗೆ ಬೀಗ ಜಡಿದೆ. ಅದು ಕುಡಿಯುವ ಹದಕ್ಕೆ ಬರುವಷ್ಟರಲ್ಲಿ ನನ್ನ ಮೂಗೂ ನಾಲಿಗೆಯೂ ಮರಳಿದ್ದವು. ಮೊದಲ ಬಾಟಲಿಯನ್ನು ಲೋಟಕ್ಕೆ ಬಗ್ಗಿಸಿದೆ: ತಿಳಿಯಾದ ಹೊನ್ನಿನ ಬಣ್ಣ, ಮೇಲೆ ಬಿಳಿ ನೊರೆ. ಗಂಡ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

“ವಾಹ್! ಇದನ್ನ ಕೊಟ್ರೆ ಟೀಮಲ್ಲಿ ನನ್ನ ಮರ್ಯಾದೆ ವಾಪಸ್ ಬರುತ್ತೆ ಕಣೇ. ಯಾರು ಮಾಡಿದ್ದು ಅಂತ ಕೇಳಿದ್ರೆ ಏನು ಹೇಳ್ಲಿ?”

ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ಯೋಚಿಸುತ್ತಿದ್ದ. ಅವನ ಕೈಯಿಂದ ಲೋಟ ಕಿತ್ತುಕೊಂಡು, ಉಳಿದದ್ದನ್ನು ಅವನ ಎದುರಿಗೇ ಕೊನೆಯ ಹನಿಯವರೆಗೂ ಕುಡಿದೆ.

“ಮುಗಿದುಹೋಯ್ತು ಅಂತ ಹೇಳು,” ಎಂದೆ.