ಜ್ವರ ನೋಡಲು ಬರುತ್ತಿದ್ದ ಗಿರಿಜಕ್ಕ

ಗಿರಿಜಕ್ಕ ಜ್ವರ ನೋಡುತ್ತಿದ್ದುದು ಕೆನ್ನೆಯಿಂದ. ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕೊರಳ ಸರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಾಗಿ, ತಮ್ಮ ಕೆನ್ನೆಯನ್ನು ಅವರ ಹಣೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಏನನ್ನೋ ಆಲಿಸುತ್ತಿರುವವರ ಹಾಗೆ ಕಾಣುತ್ತಿತ್ತು.

ಕೈಯಿಂದ ಮುಟ್ಟಿ ನೋಡಿದರೆ ಸಾಲದೇ ಎಂದು ನಾನು ಒಮ್ಮೆ ಕೇಳಿದ್ದೆ.

"ರೊಟ್ಟಿ ಬಡದು ಬಡದು ಅಂಗೈ ಚಕ್ಕಳ ಆಗೈತಿ ತಂಗೀ. ಕಾದ ಹಂಚಿನ ಬಿಸೀನ ತಿಳಿಯಂಗಿಲ್ಲ, ಜ್ವರದ ಬಿಸಿ ಏನ್ ತಿಳೀತೈತಿ?" ಎಂದು ನಕ್ಕು, ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದ್ದರು. ಜೋಳದ ಹಿಟ್ಟು ಉಗುರಿನ ಸಂದಿಯಲ್ಲಿ ಬೆಳ್ಳಗೆ ಒಣಗಿತ್ತು.

ನಾವಿದ್ದುದು ಯಶವಂತಪುರದ ಒಂದು ವಠಾರದಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ನಲ್ಲಿ ಒಂದು, ಬಚ್ಚಲುಮನೆ ಒಂದು. ಯಜಮಾನಿ ಮುನಿಯಮ್ಮ ಆ ಊರಿನ ಹಳಬರು. ಅವರ ರಾಗಿ ಹೊಲವೆಲ್ಲ ಸೈಟುಗಳಾಗಿ ಹೋಗಿದ್ದರೂ ಹಸು ಮಾತ್ರ ಹಿತ್ತಿಲಲ್ಲಿ ಉಳಿದಿತ್ತು. ನಮ್ಮ ಗೋಡೆಗೆ ಗೋಡೆ ಸೇರಿದ ಮನೆಯಲ್ಲಿ ಗಿರಿಜಕ್ಕ ಮತ್ತು ಅವರ ಯಜಮಾನರು ಶಿವಪ್ಪನವರು. ಗದಗಿನ ಕಡೆಯವರು, ಮಕ್ಕಳಿರಲಿಲ್ಲ. ಶಿವಪ್ಪನವರಿಗೆ ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಕೆಲಸ. ವರ್ಷಗಟ್ಟಲೆ ಮರಳಿನ ಧೂಳು ಕುಡಿದು ಅವರ ಎದೆ ಕೆಟ್ಟಿತ್ತು. ಗೋಡೆಯಾಚೆಯಿಂದ ಬರುವ ಆ ಕೆಮ್ಮಿಗೆ ನನ್ನ ಪುಟ್ಟ ಮಗಳು ಎಷ್ಟು ಒಗ್ಗಿಹೋಗಿದ್ದಳೆಂದರೆ, ಅದು ಕೇಳಿಸದ ದಿನ, "ಶಿವಪ್ಪಜ್ಜ ಊರಿಗೆ ಹೋದ್ರಾ?" ಎಂದು ಕೇಳುತ್ತಿದ್ದಳು.

ಮಳೆ ಹಿಡಿದ ಕೂಡಲೇ ವಠಾರಕ್ಕೆ ಫ್ಲೂ ಬರುತ್ತಿತ್ತು. ಗಿರಿಜಕ್ಕನ ಓಡಾಟವೂ ಆಗಲೇ ಶುರು. ಯಾರ ಮನೆಯಲ್ಲಿ ಯಾರು ಮಲಗಿದರೂ ಶುಂಠಿ, ಮೆಣಸು ಕುದಿಸಿದ ಕಷಾಯ ಹಿಡಿದು ಹೊರಡುತ್ತಿದ್ದರು. ಜ್ವರದವರಿಗೆ ಬೇಕಾಗಿದ್ದುದು ನಿದ್ದೆ. ಇವರು ಅವರ ಭುಜ ಅಲುಗಿಸಿ, "ನಿದ್ದಿ ಹತ್ತೈತೇನು? ಮಲಕ್ಕೋ, ಮಲಕ್ಕೋ, ನಾ ಏನೂ ಮಾತಾಡಂಗಿಲ್ಲ" ಎಂದು ಹೇಳಿ, ಮಾತಾಡುತ್ತಾ ಕೂರುತ್ತಿದ್ದರು. ಗಂಜಿ ಕುಡಿಸಿ, ಬೆವರಿದ ಬೆನ್ನು ಒರೆಸಿ, ಒದ್ದೆ ಬಟ್ಟೆ ಬದಲಿಸಿ ಎದ್ದರೆ ಮುಂದಿನ ಮನೆ. "ಜಡ್ಡಾದವರ ಮಾರಿ ನೋಡಾಕ ಹೋಗಲಿಲ್ಲಂದ್ರ ಬಾಜೂಕ ಇದ್ದು ಏನ್ ಉಪಯೋಗ?" ಎನ್ನುತ್ತಿದ್ದರು.

ಮುನಿಯಮ್ಮನಿಗೆ ಇದು ಸೇರುತ್ತಿರಲಿಲ್ಲ. "ನೋಡಮ್ಮಣ್ಣಿ, ಈವಮ್ಮ ಇಂಗೆ ಮನೆಮನೆ ನುಗ್ತಿದ್ರೆ ನೆಗಡೀನ ಪರಸಾದ ಅಂಚಿದಂಗೆ ಅಂಚ್ಬಿಡ್ತಾಳೆ" ಎಂದು ನನ್ನ ಬಳಿ ಗೊಣಗುತ್ತಿದ್ದರು. ತಾವು ಮಲಗಿದಾಗ ಮಾತ್ರ ಬೆಳಗಿನಿಂದಲೇ, "ಗಿರಿಜವ್ವ ಯಾಕಿನ್ನೂ ಬರ್ನಿಲ್ಲ?" ಎಂದು ಬಾಗಿಲ ಕಡೆ ನೋಡುವರು.

ಆ ವರ್ಷ ಬೇಸಿಗೆಯ ಕೊನೆಯಲ್ಲಿ ಶಿವಪ್ಪನವರಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಮುಖ್ಯರಸ್ತೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಾರ್ಖಾನೆಗೆ ರಜೆ ಹಾಕಿ, ಮನೆಯಿಂದ ಹೊರಗೆ ಬರಕೂಡದು ಎಂದರು. ಆಮೇಲೆ ಗಿರಿಜಕ್ಕನ ಕಡೆಗೆ ತಿರುಗಿದರು. ಜೊತೆಗೆ ಹೋಗಿದ್ದ ನಾನು ಅಲ್ಲೇ ನಿಂತಿದ್ದೆ.

"ನೋಡೀಮ್ಮ, ಬೇರೆಯವರಿಗೆ ಫ್ಲೂ ಅಂದ್ರೆ ನಾಲ್ಕು ದಿನದ ಮೈಕೈ ನೋವು. ಇವರಿಗೆ ಬಂದ್ರೆ ಎದೆಗೇ ಇಳಿಯುತ್ತೆ. ಮಳೆಗಾಲ ಮುಗಿಯೋವರೆಗೂ ನೀವು ಜ್ವರದವರ ಮನೆ ಕಡೆ ಹೋಗಬೇಡಿ."

"ಬಂದ್ರ ಒಂದ್ ಸೂಜಿ ಚುಚ್ಚಿಬಿಡ್ರಿ ಬಾಯಾರ."

"ಅದಕ್ಕೆ ಸೂಜಿ ಇಲ್ಲ. ನೀರು ಕುಡಿದು ಮಲಗಬೇಕು, ಜ್ವರ ಇಳಿಯೋಕೆ ಮಾತ್ರೆ, ಅಷ್ಟೇ. ಇವರಿಗೆ ಬರದೇ ಇರೋ ಹಾಗೆ ನೋಡ್ಕೊಳ್ಳೋದೊಂದೇ ದಾರಿ."

ಗಿರಿಜಕ್ಕ ಆ ಮಾತನ್ನು ಪಾಲಿಸಿದರು. ಮಳೆ ಬಂತು, ಒಬ್ಬೊಬ್ಬರಾಗಿ ಕೆಮ್ಮತೊಡಗಿದರು, ಇವರು ಹೊಸ್ತಿಲಿನ ಒಳಗೇ ಕುಳಿತರು. ಕಷಾಯ ಕುದಿಸಿ ಅಂಗಳದಲ್ಲಿಟ್ಟು, "ಕುಡದ್ಯೋ ಇಲ್ಲೋ?" ಎಂದು ಕುಳಿತಲ್ಲಿಂದಲೇ ಕೂಗುತ್ತಿದ್ದರು. "ನಮ್ಮಾಕೀಗೆ ಕಾಲ್ ಕಟ್ಟಿಹಾಕಿದಂಗಾಗೈತಿ" ಎಂದು ಶಿವಪ್ಪನವರು ಒಳಗಿನಿಂದ ತಮಾಷೆ ಮಾಡಿದರೆ, "ನೀವ್ ಸುಮ್ಮಕ ಕುಂದರ್ರಿ, ನಿಮ್ಮ ಸಲವಾಗೇ ಕಟ್ಕೊಂಡೀನಿ" ಎಂದು ಉತ್ತರ ಬರುತ್ತಿತ್ತು.

ಆಮೇಲೆ ನಾನು ಮಲಗಿದೆ. ನಮ್ಮವರು ಆಫೀಸಿನ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮೂಳೆ ಮೂಳೆ ನೋವು, ತಲೆ ಎತ್ತಲಾಗದು. ಮಗಳು ಹಸಿದು ಅಳುತ್ತಿದ್ದಳು. ಎದ್ದು ಒಲೆಯ ತನಕ ಹೋಗಲು ನೋಡಿ, ನಡುವೆಯೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಅಳು ಗೋಡೆಯಾಚೆಗೆ ಕೇಳದಿರುವುದು ಹೇಗೆ?

ಬಾಗಿಲು ತಳ್ಳಿಕೊಂಡು ಗಿರಿಜಕ್ಕ ಬಂದರು. "ಬರಬೇಡಿ ಗಿರಿಜಕ್ಕ, ಡಾಕ್ಟರು ಹೇಳಿದ್ದು ಮರೆತ್ರಾ?" ಎಂದೆ. "ನೀ ಸುಮ್ಮನಿರು" ಎಂದು ಸೆರಗನ್ನು ಮೂಗಿಗೆ ಸುತ್ತಿಕೊಂಡರು. ಆದರೆ ಸೆರಗು ಸರಿಸದೆ ಅವರಿಗೆ ಮಾತಾಡಲು ಬರುತ್ತಿರಲಿಲ್ಲ, ಮಾತಾಡದೆ ಇರಲೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಹೆಗಲಿಗೆ ಬಂತು. ನನ್ನನ್ನು ಹಾಸಿಗೆಗೆ ಸೇರಿಸಿ ಹಣೆಗೆ ಕೆನ್ನೆಯಿಟ್ಟರು. ಎಷ್ಟು ತಣ್ಣಗಿತ್ತು ಆ ಕೆನ್ನೆ! ಮಗಳಿಗೆ ಅನ್ನ ಕಲಸಿ ತಿನ್ನಿಸಿದರು, ಜಡೆ ಹಾಕಿದರು.

ಹೊರಡುವಾಗ ಅವರು ನೇರವಾಗಿ ಮನೆಗೆ ಹೋಗಲಿಲ್ಲ. ಬಚ್ಚಲಿಗೆ ಹೋಗಿ, ಆ ಮಳೆಯ ಚಳಿಯಲ್ಲಿ, ತಲೆಯ ಮೇಲಿಂದ ತಣ್ಣೀರು ಸುರಿದುಕೊಂಡರು. ಚೊಂಬಿನ ಮೇಲೆ ಚೊಂಬು ನೀರು ಬೀಳುವ ಸದ್ದು ಮಲಗಿದ್ದ ನನಗೆ ಕೇಳುತ್ತಿತ್ತು. ಸಾವಿನ ಮನೆಗೆ ಹೋಗಿ ಬಂದರೆ ಹೇಗೋ ಹಾಗೆ. ಮೈಗೆ ಅಂಟಿದ್ದನ್ನೆಲ್ಲ ನೀರು ಕಳೆಯುತ್ತದೆ ಎಂದು ಅವರು ನಂಬಿದ್ದರು. ಮರುದಿನವೂ ಬಂದರು, ಆಗ ಹೇಳಿದೆ: "ಸ್ನಾನ ಮಾಡಿದ್ರೆ ಇದು ಹೋಗಲ್ಲ ಗಿರಿಜಕ್ಕ. ಉಸಿರಿನಲ್ಲಿ ಬರುತ್ತೆ. ನಾನು ಓದಿದ ಕಾನ್ವೆಂಟಿನ ಸಿಸ್ಟರು ಹೇಳ್ತಿದ್ರು."

"ಉಸರು ಬಿಡದ ಇರಾಕ ಬರ್ತೈತೇನ್ ಹುಚ್ಚಿ?" ಎಂದು ನಕ್ಕರು. "ಎಲ್ಲಾ ತೊಳಕೊಂಡೇ ಒಳಗ ಹೋಗ್ತೀನಿ, ಅಂಜಬ್ಯಾಡ."

ನನ್ನ ಜ್ವರ ಇಳಿಯಿತು. ಗಾಜಿನ ಹಾಗೆ ತಿಳಿಯಾದ ಒಂದು ಬೆಳಿಗ್ಗೆ, ಮೊದಲ ಸಲ ಎದ್ದು ಕಾಫಿ ಮಾಡಿಕೊಳ್ಳುತ್ತಿದ್ದಾಗ, ಗೋಡೆಯಾಚೆ ಗಿರಿಜಕ್ಕ ಸೀನಿದರು. ಮತ್ತೆ ಸೀನಿದರು. ನನ್ನ ಕೈಯ ಲೋಟ ಹಾಗೆಯೇ ನಿಂತಿತು.

ಅವರಿಗೆ ಅದು ಬರೀ ನೆಗಡಿಯಲ್ಲೇ ಹೋಯಿತು. ಆದರೆ ಶಿವಪ್ಪನವರ ಕೆಮ್ಮಿನ ದನಿ ಬದಲಾಯಿತು. ಮೊದಲು ಒಣಗಿ ಠಣ್ ಎನ್ನುತ್ತಿದ್ದುದು ಈಗ ಕೆಸರಿನಲ್ಲಿ ಕಾಲಿಟ್ಟಂತೆ ಒದ್ದೆಯಾಗಿ ಕೇಳತೊಡಗಿತು. ತುಟಿ ನೀಲಿಯಾಯಿತು. ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರಮ್ಮ ನೋಡಿದವರೇ ದೊಡ್ಡಾಸ್ಪತ್ರೆಗೆ ಕಳಿಸಿದರು, ಸಂಜೆ ತಾವೂ ಅಲ್ಲಿಗೆ ಬಂದರು. ನ್ಯುಮೋನಿಯಾ ಎಂದರು. ಆಕ್ಸಿಜನ್ ಹಾಕಿದರು, ಈಗ ಸೂಜಿಯನ್ನೂ ಚುಚ್ಚಿದರು.

ವಾರ್ಡಿನ ಹೊರಗಿನ ಬೆಂಚಿನಿಂದ ಗಿರಿಜಕ್ಕ ಎದ್ದು ಡಾಕ್ಟರಮ್ಮನ ದಾರಿಗೆ ಅಡ್ಡ ನಿಂತರು.

"ನಾ ಜಳಕಾ ಮಾಡಿದ್ದೆನ್ರಿ ಬಾಯಾರ. ತಲಿಮ್ಯಾಲೆ ಹಾಕ್ಕೊಂಡಿದ್ದೆ. ಸೀರಿನೂ ಒಗದಿದ್ದೆ."

ಡಾಕ್ಟರಮ್ಮ ಗಿರಿಜಕ್ಕನ ಭುಜ ಒಮ್ಮೆ ಮುಟ್ಟಿ ಒಳಗೆ ಹೋದರು. ಶಿವಪ್ಪನವರು ಮನೆಗೆ ಮರಳಲಿಲ್ಲ.

ಮುಂದಿನ ಮಳೆಗೆ ವಠಾರ ಮತ್ತೆ ಕೆಮ್ಮಿತು. ಗಿರಿಜಕ್ಕನ ಬಾಗಿಲು ತೆರೆಯಲಿಲ್ಲ. ಮುನಿಯಮ್ಮನ ಮೊಮ್ಮಗುವಿಗೆ ಜ್ವರ ಬಂದಾಗ ಮುನಿಯಮ್ಮನೇ ಹೋಗಿ ಆ ಬಾಗಿಲ ಮುಂದೆ ನಿಂತರು. "ಮಗೀಗೆ ಮೈ ಸುಡ್ತಾ ಐತೆ ಕಣವ್ವ. ಒಂದ್ ಗಳಿಗೆ ಬಂದು ನೋಡ್ಕೊಂಡೋಗು. ನಾನ್ ಅಂದಿದ್ದೆಲ್ಲ ಮನಸ್ನಾಗೆ ಇಟ್ಕೋಬ್ಯಾಡ."

"ದವಾಖಾನಿಗೆ ಕರಕೊಂಡ್ ಹೋಗ್ರಿ" ಎಂಬ ದನಿ ಒಳಗಿನಿಂದ ಬಂತು. "ನೀರು ಭಾಳ ಕುಡಸ್ರಿ."

ಮಗು ಗುಣವಾಯಿತು. ಆಮೇಲೆ ಯಾರೂ ಯಾರ ಮನೆಗೂ ಜ್ವರ ನೋಡಲು ಹೋಗಲಿಲ್ಲ. ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಮಧ್ಯಾಹ್ನಗಳಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರುತ್ತಿದ್ದವು, ಒಳಗೆ ಒಬ್ಬೊಬ್ಬರೇ ನರಳುತ್ತಿದ್ದರು.

ದಸರಾ ಮುಗಿದ ಮೇಲೆ ಗಿರಿಜಕ್ಕನ ತಮ್ಮ ಬಂದು ಅವರನ್ನು ಊರಿಗೆ ಕರೆದುಕೊಂಡು ಹೊರಟರು. ನಾನು ಯಶವಂತಪುರ ಸ್ಟೇಷನ್ನಿಗೆ ಹೋದೆ. ಆ ತಮ್ಮ ಟಿಕೆಟ್ಟು ತರಲು ಹೋದಾಗ ಗಿರಿಜಕ್ಕ ನನ್ನ ಕಡೆಗೆ ನೋಡದೆ ಕೇಳಿದರು: "ತಂಗೀ, ನೀ ಸಾಲಿ ಕಲತಾಕಿ. ಅವತ್ತು ನಾ ನಿಮ್ಮ ಮನಿಗೆ ಬರಲಿಲ್ಲಂದ್ರ ಅವರು ಉಳೀತಿದ್ರೇನು?"

ನಾನು ಹಳಿಗಳನ್ನು ನೋಡುತ್ತಾ ಹೇಳಿದೆ: "ಹಾಗೆ ಹೇಳೋಕಾಗಲ್ಲ ಗಿರಿಜಕ್ಕ. ಊರೆಲ್ಲ ಇತ್ತಲ್ಲ. ಕಾರ್ಖಾನೆ ಬಸ್ಸಿನಲ್ಲಿ ಯಾರಿಂದಲೋ ಬಂದಿರಬಹುದು."

ಅವರು ಜ್ವರದಲ್ಲಿ ಬಡಬಡಿಸುವವರಿಗೆ ಹೂಂಗುಟ್ಟುವ ಹಾಗೆ, ಮೆಲ್ಲಗೆ ಅಂದರು: "ಹೌದು. ಬಸ್ಸಿನ್ಯಾಗಿಂದ ಬಂದಿರಬೇಕು."

ಹುಬ್ಬಳ್ಳಿ ಗಾಡಿ ಬಂತು, ಅವರು ಹತ್ತಿದರು. ಶಿವಪ್ಪನವರು ಆ ಮಳೆಗಾಲದಲ್ಲಿ ಒಂದು ದಿನವೂ ಬಸ್ಸು ಹತ್ತಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.