ಹಾಲೂಡಿಸಲು ಬಂದ ತಾಯಿಯನ್ನು ಕೊಲೆಗಾತಿ ಮಾಡಿದರು

"ಏ, ನಿಲ್ಲಸ್ರಿ ಅದನ್ನ! ಆಕಿ ಕೂಸಿನ್ನ ಕೊಲ್ಲಾಕ ಬಂದಾಕಿ ಅಲ್ಲ, ಹಾಲು ಕುಡಸಾಕ ಬಂದಾಕಿ!"

ರಾಣೆಬೆನ್ನೂರಿನ ಚಿತ್ರಮಂದಿರದಲ್ಲಿ ಮಧ್ಯಾಹ್ನದ ಆಟ ನಡೆದಿತ್ತು. ನನ್ನ ಪಕ್ಕದಲ್ಲಿದ್ದ ಅತ್ತೆ ತಟ್ಟನೆ ಎದ್ದು ನಿಂತು, ಪರದೆಯತ್ತ ಕೈ ಮಾಡಿ ಕೂಗಿದರು. ಮನೆಯಲ್ಲಿ ಯಾರ ಮುಂದೆಯೂ ದನಿ ಏರಿಸಿದವರಲ್ಲ ಅವರು.

ಅತ್ತೆ ಹುಟ್ಟಿದ ದಿನವೇ ಅವರ ತಾಯಿ ತೀರಿಕೊಂಡಿದ್ದರು. ಒಂದು ಫೋಟೊ ಕೂಡ ಇಲ್ಲ. ಬಾಣಂತಿಯಾಗಿ ಸತ್ತವಳು ದೆವ್ವವಾಗಿ ಬಂದು ತನ್ನ ಕೂಸಿಗೆ ಹಾಲೂಡಿಸುವ ಕಾದಂಬರಿಯೊಂದನ್ನು ಅವರು ಎಷ್ಟು ಸಲ ಓದಿದ್ದಾರೋ! ಪ್ರತಿ ಸಲವೂ ಹೆದರುತ್ತಿದ್ದರು, ಅಳುತ್ತಿದ್ದರು. ಅದು ಸಿನಿಮಾ ಆಗಿದೆಯೆಂದು ತಿಳಿದು ಬ್ಯಾಡಗಿಯಿಂದ ಆಸೆಪಟ್ಟು ಬಂದಿದ್ದೆವು. ಇಲ್ಲಿ ನೋಡಿದರೆ, ಆ ತಾಯಿ ಕೆಂಪು ಕಣ್ಣು ಬಿಟ್ಟುಕೊಂಡು ತೊಟ್ಟಿಲಿನ ಕೂಸಿನ ಕತ್ತು ಹಿಸುಕುತ್ತಿದ್ದಳು.

"ಕುಂದರಬೇ ಯವ್ವಾ, ದೆವ್ವ ನಿನಗ ಬೀಗತಿ ಆಗಬೇಕೇನ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ನಕ್ಕವರಿಗಿಂತ ಹೆಚ್ಚು ಸಿಟ್ಟು ಬಂದದ್ದು ಸಿನಿಮಾ ಮಾಡಿದವರ ಮೇಲೆ. ಕಾದಂಬರಿಯ ಹೆಸರು ಹೇಳಿ ಜನರನ್ನು ಕರೆದು, ಅದರ ಜೀವವನ್ನೇ ತೆಗೆದಿದ್ದರು. ಅತ್ತೆಯ ಕೈ ಹಿಡಿದು ಅರ್ಧಕ್ಕೇ ಹೊರಗೆ ಬಂದೆ. "ಮಾಡಿದಾಂವ ಪುಸ್ತಕ ಓದೇ ಇಲ್ಲ ನೋಡವಾ" ಎಂದರು ಅವರು.

ಈಗ ಅತ್ತೆ ಆ ಪುಸ್ತಕ ಮುಟ್ಟುತ್ತಿಲ್ಲ. ತೆರೆದರೆ ಆ ಕೆಂಪು ಕಣ್ಣುಗಳೇ ಎದುರು ಬರುತ್ತವಂತೆ. ತಾಯಿಯ ಮುಖವೆಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಪುಸ್ತಕದ ಆ ತಾಯಿಯನ್ನೇ. ಅದನ್ನೂ ಕೆಡಿಸಿಬಿಟ್ಟರು.