ವರನಿಗೆ ಕೇಳಬೇಕಾದ ಹತ್ತು ಪ್ರಶ್ನೆಗಳು

ಪಕ್ಕದ ಮನೆಯಲ್ಲಿ ತುಪ್ಪದಲ್ಲಿ ರವೆ ಹುರಿಯುತ್ತಿದ್ದಾರೆ. ಬ್ಯಾಡಗಿಯ ಗಾಳಿಯಲ್ಲಿ ವರ್ಷದ ಆರು ತಿಂಗಳು ಮೆಣಸಿನಕಾಯಿ ಘಾಟಿನದೇ ಕಾರಭಾರ. ಅದನ್ನು ಪಕ್ಕಕ್ಕೆ ಸರಿಸಿ ರವೆಯ ವಾಸನೆ ಕಿಟಕಿಯೊಳಗೆ ಬಂತೆಂದರೆ ಆ ಮನೆಯ ಹುಡುಗಿಯನ್ನು ನೋಡಲು ಯಾರೋ ಬರುತ್ತಿದ್ದಾರೆಂದೇ ತಿಳಿಯಬೇಕು. ಶಿರಾ, ಉಪ್ಪಿಟ್ಟು, ಮೇಲೆ ಚಹಾ. ಈ ಸತ್ಕಾರ ನನಗೂ ಒಮ್ಮೆ ರಾಣೆಬೆನ್ನೂರಿನ ಒಂದು ಮನೆಯಲ್ಲಿ ಆಗಿದೆ. ಆ ಶಿರಾ ನನಗೆ ದಕ್ಕಲಿಲ್ಲ. ಯಾಕೆ ದಕ್ಕಲಿಲ್ಲ ಎಂದು ಹೇಳುವ ಮೊದಲು ಆಗ ನಾನು ಮಾಡುತ್ತಿದ್ದ ಉದ್ಯೋಗ ಎಂಥದೆಂದು ನಿಮಗೆ ಹೇಳಿಬಿಡಬೇಕು.

ವೆಬ್‌ಸೈಟುಗಳಿಗೆ ಲೇಖನ ಬರೆಯುತ್ತಿದ್ದೆ. ಪದಕ್ಕೆ ಇಷ್ಟು ಪೈಸೆ ಎಂದು ದರ. ನಾನು ಎಂದೂ ಮುಖ ನೋಡದ ಸಂಪಾದಕರೊಬ್ಬರು ಬೆಳಿಗ್ಗೆ ವಾಟ್ಸಾಪಿನಲ್ಲಿ ಐದು ವಿಷಯ ಕಳಿಸುತ್ತಿದ್ದರು, ಸಂಜೆಯೊಳಗೆ ಐದೂ ಆಗಬೇಕು. ಸಕ್ಕರೆ ಕಾಯಿಲೆಯವರು ಏನು ತಿನ್ನಬೇಕು, ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು, ಸ್ವಿಟ್ಜರ್ಲೆಂಡಿನಲ್ಲಿ ನೋಡಲೇಬೇಕಾದ ಏಳು ಸ್ಥಳಗಳು ಯಾವುವು. ನಾನು ಹಾವೇರಿ ದಾಟಿ ಹೋದದ್ದೇ ಎರಡು ಸಲ. ಆದರೂ ಸ್ವಿಟ್ಜರ್ಲೆಂಡಿನ ಚಳಿಗೆ ಎಂಥ ಸ್ವೆಟರ್ ಒಯ್ಯಬೇಕೆಂದು ಊರ ಮಂದಿಗೆಲ್ಲ ಬುದ್ಧಿ ಹೇಳಿದ್ದೇನೆ. ಇಂಗ್ಲಿಷಿನ ನಾಲ್ಕು ಸೈಟು ತೆರೆದು, ಒಂದೊಂದರಿಂದ ಒಂದೊಂದು ಸಾಲು ಎತ್ತಿ, ನಡುನಡುವೆ 'ತಜ್ಞರ ಪ್ರಕಾರ' ಎಂದು ತುಂಬುತ್ತಿದ್ದೆ. ಆ ತಜ್ಞರು ಯಾರೆಂದು ಒಬ್ಬರೂ ಕೇಳಲಿಲ್ಲ. ಅವರು ಬನಿಯನ್ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತಿರುತ್ತಿದ್ದರು.

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳಿಗೆ ಕಿಲೋ ಲೆಕ್ಕ, ನನಗೆ ಪದದ ಲೆಕ್ಕ. ಅವಳ ಕೆಲಸ ಮುಗಿದಾಗ ತೊಟ್ಟು ಹೋಗಿ ಕಾಯಿ ಉಳಿಯುತ್ತಿತ್ತು. ನನ್ನದು ಮುಗಿದಾಗ ಕಾಯಿ ಹೋಗಿ ತೊಟ್ಟು ಉಳಿಯುತ್ತಿತ್ತು. ಒಮ್ಮೆ, ಕೈ ಉರಿದರೆ ಏನು ಹಚ್ಚಿಕೊಳ್ಳುತ್ತೀ ಎಂದು ಅವಳನ್ನೇ ಕೇಳಿ, ಅವಳು ಹೇಳಿದಷ್ಟನ್ನೇ ಬರೆದು ಕಳಿಸಿದೆ. ಪದ ಸಾಲದೆಂದು ವಾಪಸ್ ಬಂತು.

ಹೀಗಿರುವಾಗ ಒಂದು ದಿನ ಬಂದ ವಿಷಯ, ವರನಿಗೆ ಕೇಳಬೇಕಾದ ಹತ್ತು ಪ್ರಶ್ನೆಗಳು. ಓದುವವರು ಹುಡುಗಿಯರು, ಬರೆದವರ ಹೆಸರೂ ಹೆಣ್ಣಿನದೇ ಇರಲಿ ಎಂದು ಸಂಪಾದಕರ ಅಪ್ಪಣೆಯಾಯಿತು. ನಾನು ಸೌಮ್ಯಾ ಆದೆ. ಕೌಟುಂಬಿಕ ಸಲಹೆಗಾರ್ತಿ ಎಂಬ ಪದವಿಯನ್ನೂ ನಾನೇ ಕೊಟ್ಟುಕೊಂಡೆ. ಒಂಬತ್ತು ಪ್ರಶ್ನೆ ಅಲ್ಲಿ ಇಲ್ಲಿ ಸಿಕ್ಕವು, ಏಳನೆಯದು ಮಾತ್ರ ನನ್ನ ಸ್ವಂತ ತಲೆಯದು. 'ದಿನವಿಡೀ ನೀವು ಮಾಡುವ ಕೆಲಸವನ್ನು ನಿಮ್ಮ ತಾಯಿ ನೆರೆಮನೆಯವರಿಗೆ ಹೇಗೆ ಹೇಳುತ್ತಾರೆ?' ಹುಮ್ಮಸ್ಸು ಬಂದು ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದೆ: 'ಈ ಪ್ರಶ್ನೆಗೆ ತಡವರಿಸುವ ಗಂಡಸನ್ನು ನಂಬಬೇಡಿ.'

ಅದಾಗಿ ಎರಡು ತಿಂಗಳಿಗೆ ಸೋದರಮಾವ ರಾಣೆಬೆನ್ನೂರಿನ ಸಂಬಂಧ ತಂದ. ಹುಡುಗ ಕಂಪ್ಯೂಟರಿನಲ್ಲಿದ್ದಾನೆ ಎಂದು ಹೇಳಿಟ್ಟಿದ್ದ, ಯಾವುದೋ ಊರಿನಲ್ಲಿದ್ದಾನೆ ಅನ್ನುವ ಹಾಗೆ. ಹುಡುಗಿಯ ಹೆಸರು ಗೀತಾ. ಅಲ್ಲೇ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಒದ್ದೆ ಕಾಗದದಲ್ಲಿ ನೂರು ಕಾಳು ಸುತ್ತಿಟ್ಟು, ನಾಲ್ಕಾರು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತವು ಎಂದು ಎಣಿಸಿ ಬರೆಯುವುದು. ಎಷ್ಟು ಚೊಕ್ಕ ಕೆಲಸ ನೋಡಿ! ಇಬ್ಬರೂ ಮಾತಾಡಿಕೊಳ್ಳಲೆಂದು ಹಿರಿಯರು ನಮ್ಮನ್ನು ಹಿತ್ತಲಿಗೆ ಕಳಿಸಿದರು. ಅವಳು ಮೊಬೈಲು ತೆಗೆದು, ಸಂಕೋಚವಿಲ್ಲದೆ, ಒಂದೊಂದಾಗಿ ಕೇಳತೊಡಗಿದಳು.

ಎರಡನೆಯ ಪ್ರಶ್ನೆಗೇ ನನಗೆ ಗುರುತು ಹತ್ತಿತು. ಮೊದಲು ಕುಣಿದಾಡುವಷ್ಟು ಖುಷಿಯಾಯಿತು, ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆಗೆ ಕೂತರೆ ಫೇಲಾಗುವುದುಂಟೆ? ಸೌಮ್ಯಾ ಮೆಚ್ಚುವಂಥ ಉತ್ತರಗಳನ್ನು ಫಟಾಫಟ್ ಕೊಡುತ್ತಾ ಹೋದೆ. ಗೀತಾ ತಲೆದೂಗಿದಳು. ಆಮೇಲೆ ಏಳನೆಯದು ಬಂತು. ನಮ್ಮವ್ವ ಓಣಿಯಲ್ಲಿ ನನ್ನ ಬಗ್ಗೆ 'ಮೊಬೈಲ್ ಒತ್ತಿಕೋತ ಕುಂದರತಾನ' ಎನ್ನುವುದು ನೆನಪಾಗಿ ನಾಲಿಗೆ ನಿಂತಿತು. ಅವಳ ಕಣ್ಣು ಪ್ರಶ್ನೆಯ ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ಏನಿದೆ ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ನಗಿಸಿಯಾದರೂ ಪಾರಾಗೋಣವೆಂದು ನಿಜ ಹೇಳಿಬಿಟ್ಟೆ. "ಸೌಮ್ಯಾ ಅಂದ್ರ ನಾನ ರೀ. ಅದನ್ನ ನಾನ ಬರದೇನ್ರಿ."

ಅವಳು ನಗಲಿಲ್ಲ. ಇದುವರೆಗೆ ಎಷ್ಟು ಬರೆದಿದ್ದೀರಿ ಎಂದಳು. ನಾನೂರು ದಾಟಿರಬೇಕು ಎಂದೆ, ಸ್ವಲ್ಪ ಬಿಂಕದಿಂದಲೇ.

"ಅದರಾಗ ಖರೇವು ಎಷ್ಟ್ರಿ?"

ಎಣಿಸಿ ನೋಡಿದೆ. ಒಂದು ಎಂದೆ, ಅವ್ವನ ಕೈ ಉರಿಯ ಬಗ್ಗೆ ಬರೆದದ್ದು. ಅದು ಅಚ್ಚಾಗಲಿಲ್ಲ ಎಂದೂ ಹೇಳಬೇಕಾಯಿತು. ಅವಳು ಮೊಬೈಲನ್ನು ಕೆಳಗಿಟ್ಟು ಮೆತ್ತಗೆ ಹೇಳಿದಳು:

"ನಮ್ಮ ಬೀಜ ಹುಟ್ಟಲಿಲ್ಲಂದ್ರ ರೈತರು ಚೀಲ ಹಿಡಕೊಂಡು ನಮ್ಮ ಬಾಗಲಿಗೆ ಬರ್ತಾರ್ರಿ. ನಿಮ್ಮ ಬಾಗಲಿಗೆ ಯಾರು ಬರ್ತಾರ?"

ಹುಡುಗಿ ಬೇಡವೆನ್ನುತ್ತಾಳೆಂದು ಮರುದಿನ ಫೋನು ಬಂತು. ಮಾವ ಜಾತಕವನ್ನು ಬೈದ. ಕೆಡಿಸಿದವಳು ಸೌಮ್ಯಾ ಎಂಬುದು ನನಗೊಬ್ಬನಿಗೇ ಗೊತ್ತು. ಮುಚ್ಚುಮರೆ ಯಾಕೆ, ಗೀತಾ ನನಗೆ ಬಹಳ ಮನಸ್ಸಿಗೆ ಬಂದಿದ್ದಳು. ಆ ವಾರವೇ ಸಂಪಾದಕರು ಕಳಿಸಿದ ವಿಷಯ, ಸಂಬಂಧ ಮುರಿದಾಗ ಮನಸ್ಸು ಗಟ್ಟಿ ಮಾಡಿಕೊಳ್ಳಲು ಎಂಟು ದಾರಿ. ಎಂಟೂ ಬರೆದೆ, ಎಂಟರಲ್ಲಿ ಒಂದೂ ನನ್ನ ಉಪಯೋಗಕ್ಕೆ ಬರಲಿಲ್ಲ. ನಾನು ಅವರಿಗೆ ಬರೆದದ್ದರಲ್ಲಿ ಅದೇ ಕಡೆಯದಾಯಿತು. ಈಗ ಸೌಮ್ಯಾಳ ಹೆಸರಿನಲ್ಲಿ ಯಂತ್ರವೇ ಬರೆಯುತ್ತದಂತೆ. ಅದಕ್ಕೆ ಕನ್ಯೆ ನೋಡಲು ಹೋಗುವ ಪ್ರಸಂಗ ಬರುವುದಿಲ್ಲ, ಪುಣ್ಯವಂತ ಯಂತ್ರ.

ನಾನೀಗ ಒಕ್ಕಲುತನದ ಒಂದು ಸಣ್ಣ ಸೈಟಿಗೆ ಬರೆಯುತ್ತೇನೆ. ದುಡ್ಡು ಮೊದಲಿನ ಅರ್ಧದಷ್ಟೂ ಹುಟ್ಟುವುದಿಲ್ಲ. ಪೇಟೆಯಲ್ಲಿ, ಕಣದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದು ಕೆಳಗೆ ನನ್ನ ಹೆಸರು, ಊರು ಹಾಕುತ್ತೇನೆ. ಹೋದ ತಿಂಗಳು ಕರ್ಜಗಿಯ ಹಿರಿಯ ರೈತರೊಬ್ಬರು ಮಗನ ಬೈಕಿನ ಮೇಲೆ ಬಂದು ಹೊಸ್ತಿಲ ಮುಂದೆ ನಿಂತರು.

"ಎಂಟ ದಿನದಾಗ ಮೆಣಸಿನಕಾಯಿ ಒಣಗತಾವು ಅಂತ ಬರದಾಂವ ನೀನ ಏನೋ ತಮ್ಮಾ?"

ಹೌದೆಂದೆ. ತಡವರಿಸಲಿಲ್ಲ. ನನ್ನ ಮಾತು ನಂಬಿ ಅವರು ಎಂಟು ದಿನಕ್ಕೆ ಚೀಲ ತುಂಬಿ ತಂದ ಕಾಯಿಯನ್ನು ಪೇಟೆಯ ದಲಾಲರು ಮುಷ್ಟಿಯಲ್ಲಿ ಹಿಚುಕಿ, ಹಸಿ ಐತಿ ಎಂದು ದರ ಮುರಿದಿದ್ದರು. ಇಬ್ಬನಿ ಬೀಳುವ ದಿನಗಳಲ್ಲಿ ಸಂಜೆ ರಾಶಿಯನ್ನು ತಾಡಪತ್ರಿಯಿಂದ ಮುಚ್ಚಬೇಕೆಂದು ನಾನು ಬರೆದೇ ಇರಲಿಲ್ಲ. ತಪ್ಪು ನನ್ನದೇ. ಅವರು ಅರ್ಧ ತಾಸು ಬೈದರು, ನಾನು ಕೇಳಿ ಬರೆದುಕೊಂಡೆ. ಅವರ ಕಳೆದುಹೋದ ದರ ಅದರಿಂದೇನೂ ಮರಳಿ ಬರಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಅವ್ವ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡು, ಕಡೆಗೆ ಅವರಿಗೆ ಚಹಾ ತಂದುಕೊಟ್ಟಳು.

ಇವತ್ತು ಅವ್ವ ಅಡಿಗೆಗೆ ಕೈಗೂಡಿಸಲೆಂದು ಪಕ್ಕದ ಮನೆಗೆ ಹೋಗಿದ್ದಾಳೆ. ಬಂದ ಬೀಗರ ಪೈಕಿ ಯಾರೋ ಹೆಣ್ಣುಮಗಳು, ನಿಮ್ಮ ಮಗ ಏನು ಮಾಡುತ್ತಾನೆಂದು ಕೇಳಿದ್ದು ಕಿಟಕಿಯಿಂದ ಕೇಳಿಸಿತು. ನಾನು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

"ಅಂವ ಬರೀತಾನ್ರಿ," ಎಂದಳು ಅವ್ವ. "ತಪ್ಪಾದ್ರ ಮಂದಿ ಮನೀಗೆ ಬಂದು ಬೈದು ಹೋಗ್ತಾರ."